ವಿಷಯ: ನಿಮ್ಮ ರೋಲರ್ ಕೋಸ್ಟರ್‌ನ ಟಾರ್ಪಾಲು ಹೊದ್ದ ಟೆಸ್ಟ್ ಸೀಟು ಮತ್ತು ನಿಮ್ಮ ಮೈಕ್ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಾನು ನಿಮಗೆ ಮೂರು ಸಲ ಫೋನ್ ಮಾಡಿದ್ದೇನೆ. ಮೊದಲ ಸಲ 'ನೋಟ್ ಮಾಡ್ಕೊಂಡಿದ್ದೀವಿ ಸಾರ್' ಅಂದರು. ಎರಡನೇ ಸಲ ಯಾವ ನೋಟೂ ಇರಲಿಲ್ಲ, ಎಲ್ಲ ಮೊದಲಿಂದ ಹೇಳಿದೆ. ಮೂರನೇ ಸಲ ನಿಮ್ಮ ಸಿಬ್ಬಂದಿ ನನ್ನ ತೂಕ ಎಷ್ಟು ಅಂತ ಕೇಳಿದರು. ಅದನ್ನೂ ಹೇಳಿದೆ. ನಿನ್ನೆ ನಿಮ್ಮಿಂದ ಎರಡು ಸಾಲಿನ ಉತ್ತರ ಬಂತು: 'ಸುರಕ್ಷತೆಯ ವಿಚಾರದಲ್ಲಿ ನಾವು ರಾಜಿ ಮಾಡಿಕೊಳ್ಳುವುದಿಲ್ಲ. ನಿಮ್ಮ ಅನುಭವಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ?' ಅದಕ್ಕೇ ಈ ಪತ್ರ.

ರಾಜಿ ಮಾಡಿಕೊಳ್ಳಿ ಅಂತ ನಾನು ಯಾವತ್ತೂ ಕೇಳಿಲ್ಲ. ತೊಡೆಯ ಮೇಲೆ ಇಳಿದು ಲಾಕ್ ಆಗುವ ಲ್ಯಾಪ್ ಬಾರ್ ಪೂರ್ತಿ ಕೂರದಿದ್ದರೆ ಆ ಸೀಟಿನಲ್ಲಿ ಯಾರನ್ನೂ ಕಳಿಸಬಾರದು. ಇದು ನಿಮಗಿಂತ ನನಗೇ ಜಾಸ್ತಿ ಗೊತ್ತು, ಯಾಕೆಂದರೆ ನಾನು ಕೂರುವುದು ಕೊನೆಯ ಸಾಲಿನಲ್ಲಿ. ಹಳಿಯ ನೆತ್ತಿ ದಾಟುವಾಗ ಮುಂದಿನ ಬೋಗಿಗಳು ಆಗಲೇ ಕೆಳಗೆ ಇಳಿಯುತ್ತಿರುತ್ತವೆ. ಕೊನೆಯ ಬೋಗಿಯನ್ನು ಅವು ಕಿತ್ತುಕೊಂಡು ಹೋದಂತೆ ಎಳೆಯುತ್ತವೆ. ಆಗ ಮೈ ಸೀಟಿನಿಂದ ಮೇಲೇಳುತ್ತದೆ. ತೊಡೆಯ ಮೇಲಿನ ಆ ಬಾರ್ ಇಲ್ಲದಿದ್ದರೆ ನಾನು ಈ ಪತ್ರ ಬರೆಯಲು ಇರುತ್ತಿರಲಿಲ್ಲ. ಆ ಒಂದು ಎಳೆತಕ್ಕಾಗಿಯೇ ನಾವು ನಾಲ್ಕು ಜನ ಗೆಳೆಯರು ಕಾಲೇಜಿನ ದಿನಗಳಿಂದ ಕೊನೆಯ ಸಾಲಿಗೇ ಕಾಯುತ್ತೇವೆ. ಮುಂದಿನ ಸಾಲು ನೋಟಕ್ಕೆ, ಹಿಂದಿನ ಸಾಲು ಹೊಟ್ಟೆಗೆ. ಹೊಟ್ಟೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮದೇ ಬೋರ್ಡಿನ ಆರನೇ ಸಾಲು ಓದಿ. 'ದೊಡ್ಡ ಮೈಕಟ್ಟಿನವರು ಸರತಿಗೆ ಸೇರುವ ಮೊದಲು ಟೆಸ್ಟ್ ಸೀಟಿನಲ್ಲಿ ಕುಳಿತು ಪರೀಕ್ಷಿಸಿಕೊಳ್ಳಿ.' ಒಳ್ಳೆಯ ನಿಯಮ. ನಾನು ಓದುವ ಜಾತಿಯವನು, ಓದಿದೆ. ಟೆಸ್ಟ್ ಸೀಟನ್ನು ಹುಡುಕಿದೆ. ಸಿಕ್ಕಿತು. ಅದರ ಮೇಲೆ ನೀಲಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿತ್ತು. ಟಾರ್ಪಾಲಿನ ಮೇಲೆ ಒಂದು ಬಕೆಟ್, ಒಂದು ನೆಲ ಒರೆಸುವ ಕೋಲು. ಗೇಟಿನಲ್ಲಿದ್ದವರನ್ನು ಕೇಳಿದೆ, 'ಇದನ್ನ ಸ್ವಲ್ಪ ತೆಗೀತೀರಾ?' ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಆಗತ್ತೆ ಹೋಗಿ ಸಾರ್' ಅಂದರು. ಕಣ್ಣಳತೆಯಲ್ಲೇ ಪಾಸ್ ಮಾಡಿದರು!

ಸರತಿಯಲ್ಲಿ ಎರಡು ಗಂಟೆ ಹತ್ತು ನಿಮಿಷ ನಿಂತೆವು. ಕೊನೆಯ ಸಾಲಿಗೆಂದು ಇನ್ನೂ ಮೂರು ಟ್ರೈನ್ ಬಿಟ್ಟೆವು. ಅದು ನಮ್ಮ ಆಯ್ಕೆ, ಅದನ್ನು ನಿಮ್ಮ ಲೆಕ್ಕಕ್ಕೆ ಹಾಕುವುದಿಲ್ಲ.

ಕೂತೆ. ಬಾರ್ ಇಳಿಯಿತು. ಲಾಕ್ ಆಯಿತು ಅನ್ನುವ ಹಸಿರು ದೀಪ ಬರಲಿಲ್ಲ. ನಿಮ್ಮ ಹುಡುಗ ಬಂದು ಒತ್ತಿದ.

'ಸ್ವಲ್ಪ ಉಸಿರು ಬಿಡಿ ಸಾರ್.'

ಬಿಟ್ಟೆ.

'ಪೂರ್ತಿ ಬಿಡಿ ಸಾರ್.'

ಪೂರ್ತಿ ಬಿಟ್ಟರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ. ಆದರೂ ಬಿಟ್ಟೆ. ಇನ್ನೊಬ್ಬ ಹುಡುಗ ಬಂದ. ಇಬ್ಬರೂ ಸೇರಿ ಒತ್ತಿದರು.

'ಹೊಟ್ಟೆ ಒಳಗೆ ತಗೊಳ್ಳಿ ಸಾರ್.'

'ತಗೊಂಡಿದ್ದೀನಪ್ಪ. ಇದು ತಗೊಂಡ ಮೇಲಿನ ಹೊಟ್ಟೆ.'

ಪಕ್ಕದಲ್ಲಿದ್ದ ನನ್ನ ಗೆಳೆಯ ನಕ್ಕ. ನಾನೂ ನಕ್ಕೆ. ಅಲ್ಲಿಗೆ ಮುಗಿದಿದ್ದರೆ ನಾನೇ ಇಳಿದು ಹೋಗುತ್ತಿದ್ದೆ, ದೂರೂ ಇರುತ್ತಿರಲಿಲ್ಲ. ಆದರೆ ಮೇಲಿನ ಗಾಜಿನ ಕೋಣೆಯಲ್ಲಿ ಕೂತವರು ಮೈಕ್ ತೆಗೆದುಕೊಂಡರು. ಅವರ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ: 'ದಯವಿಟ್ಟು ಎಲ್ಲರೂ ಸಹಕರಿಸಿ. ಕೊನೇ ಸಾಲಿನ ದಪ್ಪ ಸಾರ್‌ಗೆ ಲಾಕ್ ಆಗ್ತಾ ಇಲ್ಲ, ಅದಕ್ಕೆ ಲೇಟು.'

ದಪ್ಪ ಸಾರ್. 'ಸಾರ್' ಸೇರಿಸಿದ್ದಕ್ಕೆ ಧನ್ಯವಾದ, ಮರ್ಯಾದೆ ಉಳಿಯಿತು.

ಇಡೀ ನಿಲ್ದಾಣ ತಿರುಗಿ ನೋಡಿತು. ನನ್ನ ಟ್ರೈನ್ ಹೊರಡದೆ ಹಿಂದಿನ ಟ್ರೈನ್ ಒಳಗೆ ಬರುವಂತಿಲ್ಲ, ಹಳಿಯ ಒಂದು ತುಂಡಿನಲ್ಲಿ ಒಂದೇ ಟ್ರೈನ್ ಇರಬೇಕು. ಅದೂ ಸರಿಯಾದ ನಿಯಮವೇ. ಹಾಗಾಗಿ ಆಗಷ್ಟೇ ಸುತ್ತು ಮುಗಿಸಿ, ಹೊರಗೆ ಬ್ರೇಕಿನ ಮೇಲೆ ಸಿಕ್ಕಿ ನಿಂತ ಒಂದು ಟ್ರೈನ್ ತುಂಬ ಜನರೂ ಕತ್ತು ಉದ್ದ ಮಾಡಿ ನನ್ನನ್ನೇ ನೋಡುತ್ತಿದ್ದರು. ಯಾರೋ ಚಪ್ಪಾಳೆ ತಟ್ಟಿದರು. ಅದು ಯಾವ ಅರ್ಥದ ಚಪ್ಪಾಳೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಇಳಿದೆ. ಎದುರಿನ ಎಕ್ಸಿಟ್ ಕಡೆಗೆ ಹೊರಟರೆ ನಿಮ್ಮ ಹುಡುಗ, 'ಆ ಕಡೆ ರೈಡ್ ಮುಗಿಸಿದವರಿಗೆ ಮಾತ್ರ ಸಾರ್, ಬಂದ ದಾರೀಲೇ ಹೋಗಿ' ಅಂದ. ಬಂದ ದಾರಿ ಅಂದರೆ ಎರಡು ಗಂಟೆಯ ಸರತಿ, ಜನರಿಂದ ಗಿಜಿಗುಡುತ್ತಿರುವುದು. ಪ್ರತಿ ತಿರುವಿನಲ್ಲೂ 'ಸ್ವಲ್ಪ ಜಾಗ ಬಿಡಿ' ಅನ್ನುತ್ತಾ ಜನರಿಗೆ ಎದುರಾಗಿ ನಡೆದೆ. ಮೂರನೇ ತಿರುವಿನಲ್ಲಿ ಒಂದು ಮಗು ಕೇಳಿತು, 'ಅಂಕಲ್, ಭಯ ಆಯ್ತಾ?' ಇಪ್ಪತ್ತು ವರ್ಷದಿಂದ ಕೊನೆಯ ಸಾಲಿನಲ್ಲಿ ಕೂತವನನ್ನು ಕೇಳುವ ಪ್ರಶ್ನೆಯಾ ಇದು? 'ಹೂಂ ಪುಟ್ಟ' ಅಂದೆ. ನಿಜ ಹೇಳುವುದಕ್ಕಿಂತ ಅದೇ ಸುಲಭ ಅನ್ನಿಸಿತು.

ಒಬ್ಬ ಗೆಳೆಯ ನನ್ನ ಜೊತೆ ಇಳಿದು ಬಂದ. ಉಳಿದಿಬ್ಬರನ್ನು ನಾನೇ ಬೈದು ಕೂರಿಸಿದ್ದೆ. ಬಂದ ಮೇಲೆ ಇಬ್ಬರೂ 'ಏನೂ ಇಲ್ಲ ಬಿಡೋ, ಸುಮ್ನೆ ಹೆಸರು ಅಷ್ಟೇ' ಅಂದರು. ಇಬ್ಬರ ಕೂದಲೂ ನೆಟ್ಟಗೆ ನಿಂತಿತ್ತು, ಕೆನ್ನೆ ನಗುತ್ತಿತ್ತು. ಅಷ್ಟು ಕೆಟ್ಟದಾಗಿ ಅವರು ಯಾವತ್ತೂ ಸುಳ್ಳು ಹೇಳಿಲ್ಲ. ಮುಂದೆ ಫೋಟೋ ಕೌಂಟರ್. ಪರದೆಯ ಮೇಲೆ ಕೊನೆಯ ಸಾಲು: ಬಾಯಿ ತೆರೆದ ಇಬ್ಬರು, ಖಾಲಿ ಎರಡು ಸೀಟು. ಕೌಂಟರಿನವರು ನನ್ನನ್ನೇ ಕೇಳಿದರು, 'ನೆನಪಿಗೆ ಒಂದು ಪ್ರಿಂಟ್ ತಗೊಳ್ಳಿ ಸಾರ್.'

ಈಗ ನನ್ನ ತಕರಾರು. ಬಾರ್ ಬಗ್ಗೆ ಅಲ್ಲ. ಟಾರ್ಪಾಲು ಮತ್ತು ಮೈಕ್ ಬಗ್ಗೆ. ಕೆಲವು ಕೋಸ್ಟರ್‌ಗಳಲ್ಲಿ ದೊಡ್ಡ ಮೈಯವರಿಗೆಂದೇ ಒಂದೆರಡು ಸಾಲಿನಲ್ಲಿ ಉದ್ದನೆಯ ಬೆಲ್ಟಿನ ಸೀಟು ಇಟ್ಟಿರುತ್ತಾರೆ. ಅಷ್ಟು ದೊಡ್ಡ ಆಸೆ ನನಗಿಲ್ಲ. ಬಕೆಟ್ ಕೆಳಗಿಡಿ, ಹಗ್ಗ ಬಿಚ್ಚಿ. ಎರಡು ನಿಮಿಷದ ಕೆಲಸ. ನಿಮ್ಮ ಉದ್ಯಮ ನಿಧಾನ ಅಂತ ನನಗೆ ಗೊತ್ತು. 1895ರಲ್ಲಿ ಅಮೆರಿಕದ ಕೋನಿ ಐಲೆಂಡ್‌ನಲ್ಲಿ ಪೂರ್ತಿ ದುಂಡಗಿನ ಲೂಪ್, ಅಂದರೆ ಟ್ರೈನ್ ತಲೆಕೆಳಗಾಗಿ ಹೋಗುವ ಸುತ್ತು, ಕಟ್ಟಿ ಜನರ ಕತ್ತು ನೋಯಿಸಿದರು. ಆ ನೋವು ತಗ್ಗಿಸುವ, ಕಣ್ಣೀರ ಹನಿಯ ಆಕಾರದ ಲೂಪು ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ಬಂದದ್ದು 1976ರಲ್ಲಿ. ನಡುವೆ 81 ವರ್ಷ. ಟಾರ್ಪಾಲಿಗೂ ಅಷ್ಟೇ ಬೇಕು ಅನ್ನುವುದಾದರೆ ಮೊದಲೇ ತಿಳಿಸಿಬಿಡಿ.

ನನ್ನ ಟಿಕೆಟ್ ಹಣ ಮತ್ತು ನನ್ನ ಜೊತೆ ಇಳಿದವನ ಟಿಕೆಟ್ ಹಣ ವಾಪಸ್ ಕೊಡಿ ಅಂತ ಫೋನಿನಲ್ಲಿ ಕೇಳಿದ್ದೆ. ಈಗ ಅದೂ ಬೇಡ, ಇಟ್ಟುಕೊಳ್ಳಿ, ಮೈಕಿಗೆ ಹೊಸ ಬ್ಯಾಟರಿ ಹಾಕಿಸಿ. ಹದಿನೈದು ದಿನದೊಳಗೆ ಆ ಸೀಟು ತೆರೆಯದಿದ್ದರೆ ಈ ಪತ್ರ, ನಿಮ್ಮ ಬೋರ್ಡಿನ ಫೋಟೋ, ಟಾರ್ಪಾಲಿನ ಫೋಟೋ ಮೂರೂ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತವೆ. ಅದಕ್ಕೂ ಮೊದಲು ನಾನು ಬರುತ್ತೇನೆ. ನಾಲ್ಕೂ ಜನ ಬರುತ್ತೇವೆ, ಟಿಕೆಟ್ ತಗೊಂಡೇ ಬರುತ್ತೇವೆ. ಗೇಟಿನ ಪಕ್ಕ ಆ ಸೀಟಿನ ಹತ್ತಿರ ನಿಲ್ಲುತ್ತೇವೆ. ನನ್ನಂಥ ಮೈಯವರು ಯಾರು ಬಂದರೂ ನಿಲ್ಲಿಸಿ, ಮೇಲೆ ಏನಾಗುತ್ತದೆ ಅಂತ ವಿವರವಾಗಿ ಹೇಳುತ್ತೇವೆ. ಮೈಕ್ ಬೇಕಿಲ್ಲ, ನನ್ನ ಗಂಟಲು ಸಾಕಷ್ಟು ದೊಡ್ಡದಿದೆ.

ಸ್ಟಾರ್ ಎಷ್ಟು ಅಂತ ಕೇಳಿದ್ದಿರಿ. ಒಂದು. ಅದು ಆ ಮಗುವಿಗೆ.

ಇಂತಿ,
ಕೊನೆಯ ಸಾಲಿನ ದಪ್ಪ ಸಾರ್