ಮಗಳಿಗೊಂದು ಪತ್ರ: ಆ್ಯಪ್ ಆಮೇಲೆ, ಮೊದಲು ಭಾನುವಾರ ರಾತ್ರಿಯ ಊಟ

ಪ್ರೀತಿಯ ಪುಟ್ಟಿ,

ನೀನು ಬಿಸಿನೆಸ್ ಮಾಡ್ತೀನಿ ಅಂದಿದ್ದಕ್ಕೆ ಅಮ್ಮ ಸ್ವಲ್ಪ ಗಾಬರಿ ಆಗಿದ್ದಾಳೆ. ನನಗೆ ಮಾತ್ರ ತುಂಬಾ ಖುಷಿ ಆಯಿತು. ಫೋನಿನಲ್ಲಿ ಸರಿಯಾಗಿ ಮಾತಾಡೋಕೆ ಆಗಲಿಲ್ಲ, ಅಂಗಡಿ ಮುಂದೆ ಜನ ನಿಂತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದು.

ನಿನ್ನ ಐಡಿಯಾ ನನಗೆ ಅರ್ಥವಾಗಿದ್ದು ಹೀಗೆ. ಮೈಸೂರಲ್ಲಿ ಓದುವ ಮಕ್ಕಳಿಗೆ ಪಿಜಿ ಊಟ ಸೇರುವುದಿಲ್ಲ. ಚೆನ್ನಾಗಿ ಅಡುಗೆ ಮಾಡುವ ಹೆಂಗಸರು ಊರ ತುಂಬಾ ಇದ್ದಾರೆ. ಇವರನ್ನೂ ಅವರನ್ನೂ ಸೇರಿಸುವ ಒಂದು ಆ್ಯಪ್ ಮಾಡಬೇಕು. ನೀನೂ ನಿನ್ನ ಇಬ್ಬರು ಗೆಳತಿಯರೂ ರಾತ್ರಿಯೆಲ್ಲ ಕೂತು ಅದನ್ನು ಬರೆಯುತ್ತೀರಿ, ಮೊದಲು ಮೈಸೂರು, ಆಮೇಲೆ ಬೆಂಗಳೂರು. ಆಸೆ ದೊಡ್ಡದಿದೆ, ಇರಲಿ. ಆದರೆ ಆ್ಯಪ್ ಬರೆಯೋದನ್ನು ಸದ್ಯಕ್ಕೆ ನಿಲ್ಲಿಸು ಕಣಮ್ಮ. ಯಾಕೆ ಅಂತ ಹೇಳ್ತೀನಿ.

ನಮ್ಮ ಅಂಗಡಿಗೆ ಹೊಸ ಸಾಮಾನು ತೋರಿಸೋಕೆ ಸೇಲ್ಸ್‌ಮನ್‌ಗಳು ಬರುತ್ತಲೇ ಇರುತ್ತಾರೆ, ನೀನೇ ನೋಡಿದ್ದೀಯ. ಪ್ಯಾಕೆಟ್ಟು ಚೆನ್ನಾಗಿರುತ್ತೆ, ಸ್ಕೀಮ್ ಇರುತ್ತೆ, ಮಾತಂತೂ ಇನ್ನೂ ಚೆನ್ನಾಗಿರುತ್ತೆ. ಎಷ್ಟೋ ಸಾಮಾನು ಶೆಲ್ಫಿನಲ್ಲೇ ಕೂತು ಡೇಟ್ ಬಾರ್ ಆಗಿ ವಾಪಸ್ ಹೋಗುತ್ತೆ. ಸಾಮಾನು ಕೆಟ್ಟದ್ದು ಅಂತ ಅಲ್ಲ. ತಿಪಟೂರಲ್ಲಿ ಅದನ್ನು ಕೇಳಿಕೊಂಡು ಬರುವವರು ಯಾರೂ ಇಲ್ಲ, ಅಷ್ಟೇ. ಗಿರಾಕಿ ಒಂದು ಸಲ ಸುಮ್ನೆ ಕುತೂಹಲಕ್ಕೆ ತಗೋತಾನೆ. ಎರಡನೇ ಸಲ ಅದೇ ಬೇಕು ಅಂತ ಬಂದರೆ ಮಾತ್ರ ನಾನು ಮತ್ತೆ ತರಿಸುತ್ತೇನೆ. ನಿನ್ನ ಐಡಿಯಾನೂ ನಾನು ಹಾಗೇ ನೋಡುತ್ತಿದ್ದೇನೆ. ದುಡ್ಡು ಕೊಟ್ಟು ಎರಡನೇ ಸಲ ಕೇಳುವವರು ಯಾರು?

ನಿನ್ನ ಗೆಳತಿಯರೆಲ್ಲ ಐಡಿಯಾ ಸೂಪರ್ ಅಂದರು ಅಂದೆಯಲ್ಲ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ. ಅವರಿಗೆ ನಿನ್ನ ಮೇಲೆ ಪ್ರೀತಿ. ಅದರ ಬದಲು ಬೇರೆ ಪಿಜಿಗಳಿಗೆ ಹೋಗಿ ಗುರುತಿಲ್ಲದವರ ಜೊತೆ ಮಾತಾಡು. ಈ ಆ್ಯಪ್ ಬಂದರೆ ತಗೋತೀರಾ ಅಂತ ಕೇಳಬೇಡ, ಎಲ್ಲರೂ ಹೂಂ ಅಂತಾರೆ. ಹೋದ ವಾರ ಯಾವ ದಿನ ಪಿಜಿ ಊಟ ಬಿಟ್ಟು ಹೊರಗೆ ತಿಂದಿರಿ, ಎಲ್ಲಿ ತಿಂದಿರಿ, ಎಷ್ಟು ಖರ್ಚಾಯಿತು ಅಂತ ಕೇಳು. ನಡೆದುಹೋದದ್ದನ್ನು ಕೇಳಿದರೆ ಜನ ನಿಜ ಹೇಳುತ್ತಾರೆ.

ಒಂದು ಮಾತು ನೀನೇ ಹೇಳಿದ್ದೆ, ನಿನಗೆ ನೆನಪಿದೆಯೋ ಇಲ್ಲವೋ. ಭಾನುವಾರ ರಾತ್ರಿ ನಿಮ್ಮ ಪಿಜಿಯಲ್ಲಿ ಅಡುಗೆ ಮಾಡಲ್ಲ, ಮಧ್ಯಾಹ್ನ ಒಂದು ಸ್ಪೆಷಲ್ ಊಟ ಹಾಕಿ ಅಡುಗೆಯವರಿಗೆ ರಜ ಕೊಡುತ್ತಾರೆ ಅಂತ. ಎಷ್ಟೋ ಹಾಸ್ಟೆಲ್, ಪಿಜಿಗಳಲ್ಲಿ ಹೀಗೇ. ಅಲ್ಲಿಗೆ ವಾರಕ್ಕೊಂದು ದಿನ ನಿಮ್ಮ ಸರಸ್ವತಿಪುರಂ ಬೀದಿಯಲ್ಲೇ ನೂರಾರು ಮಕ್ಕಳು ಒಂದೇ ಹೊತ್ತಿಗೆ ಹಸಿದುಕೊಂಡು ಫೋನ್ ಹಿಡಿದು ಕೂತಿರುತ್ತಾರೆ, ಆ ರಾತ್ರಿ ಹೇಗೂ ದುಡ್ಡು ಖರ್ಚು ಮಾಡೇ ಮಾಡುತ್ತಾರೆ. ಇಡೀ ಮೈಸೂರು, ಮೂರು ಹೊತ್ತಿನ ಊಟ, ಆ್ಯಪ್ ಎಲ್ಲ ಬದಿಗಿಡು. ಭಾನುವಾರ ರಾತ್ರಿ ಒಂದು ಊಟ, ನಿಮ್ಮ ಬೀದಿಯ ಪಿಜಿಗಳಿಗೆ ಮಾತ್ರ. ಇದನ್ನು ಮೊದಲು ಮಾಡಿ ನೋಡು. ಒಂದು ವಾಟ್ಸಾಪ್ ಗ್ರೂಪು ಸಾಕು.

ಇದು ತೀರಾ ಚಿಕ್ಕದಾಯಿತು ಅಂತ ನಿನಗೆ ಅನ್ನಿಸಬಹುದು. ಐಡಿ ಫ್ರೆಶ್ ಅಂತ ಇಡ್ಲಿ ದೋಸೆ ಹಿಟ್ಟಿನ ಪ್ಯಾಕೆಟ್ ಬರುತ್ತಲ್ಲ, ಅದು 2005ರಲ್ಲಿ ಬೆಂಗಳೂರಲ್ಲಿ ಶುರುವಾಗಿದ್ದು 50 ಚದರಡಿ ಜಾಗದಲ್ಲಿ. ವಯನಾಡಿನ ಪಿ.ಸಿ. ಮುಸ್ತಫಾ ಮತ್ತು ಅವರ ಕಸಿನ್‌ಗಳದು. ಆ ಹುಡುಗರು ದಿನಸಿ ಅಂಗಡಿ ನಡೆಸುತ್ತಿದ್ದವರು. ಆಗ ಅಂಗಡಿಗಳಲ್ಲಿ ಯಾರೋ ಮಾಡಿದ ಹಿಟ್ಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿ ಮಾರುತ್ತಿದ್ದರು, ಜನ ತಗೊಳ್ಳುತ್ತಲೂ ಇದ್ದರು, ಬೈಯುತ್ತಲೂ ಇದ್ದರು. ಇದು ನನಗೆ ಬಹಳ ಹಿಡಿಸಿದ ವಿಷಯ. ಬೈದುಕೊಂಡೂ ದುಡ್ಡು ಕೊಟ್ಟು ತಗೋತಾರೆ ಅಂದರೆ ಅದು ಅವರಿಗೆ ಬೇಕೇ ಬೇಕು ಅಂತ ಅರ್ಥ. ಅದನ್ನು ನೋಡಿ ಈ ವ್ಯಾಪಾರಕ್ಕೆ ಇಳಿದ ಮುಸ್ತಫಾ ಕಡೆಯವರು ಮೊದಲು ಹಿಡಿದಿದ್ದು ಸುಮಾರು 20 ಅಂಗಡಿ ಮಾತ್ರ. ಅಲ್ಲಿ ದಿನಕ್ಕೆ 100 ಪ್ಯಾಕೆಟ್ ಹೋಗುವವರೆಗೂ ಮುಂದಕ್ಕೆ ಹೋಗಲಿಲ್ಲ. ಅದಕ್ಕೇ ತಿಂಗಳುಗಟ್ಟಲೆ ಹಿಡಿಯಿತು.

ನಿನ್ನ ಗೋಡೆಯ ಮೇಲೆ ಕಿರಣ್ ಮಜುಂದಾರ್ ಷಾ ಅವರ ಫೋಟೋ ಅಂಟಿಸಿದ್ದೀಯ. ಅವರ ಕಥೆಯಲ್ಲಿ ಎಲ್ಲರೂ ಹೇಳುವುದು ಒಂದೇ, 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ 10,000 ರೂಪಾಯಿ ಇಟ್ಟುಕೊಂಡು ಬಯೋಕಾನ್ ಶುರು ಮಾಡಿದರು ಅಂತ. ನಿಜವೇ. ಆದರೆ ಅದರ ಹಿಂದಿನದನ್ನೂ ನೋಡು. ಅವರು ಆಸ್ಟ್ರೇಲಿಯಾಕ್ಕೆ ಹೋಗಿ ಬಿಯರ್ ತಯಾರಿಕೆ ಓದಿ ಬಂದವರು. ಇಲ್ಲಿ ಹೆಂಗಸು ಅನ್ನೋ ಕಾರಣಕ್ಕೆ ಆ ಕೆಲಸ ಯಾರೂ ಕೊಡಲಿಲ್ಲ. ಅದೇ ಹೊತ್ತಿಗೆ ಐರ್ಲೆಂಡಿನ ಒಂದು ಕಂಪನಿಗೆ ಭಾರತದಲ್ಲಿ ಪಾಲುದಾರರು ಬೇಕಿತ್ತು. ಬಿಯರ್ ತಿಳಿಯಾಗಿಸೋಕೂ ಬಳಸುವ ಪಪೇಯಿನ್ ಅನ್ನೋ ಕಿಣ್ವವನ್ನು (ಎನ್‌ಜೈಮ್) ಪಪ್ಪಾಯಿಯಿಂದ ತೆಗೆದು ಹೊರದೇಶಕ್ಕೆ ಕಳಿಸುವುದು ಮೊದಲ ಕೆಲಸಗಳಲ್ಲಿ ಒಂದು. ಅಂದರೆ ಗ್ಯಾರೇಜಿಗೆ ಬಾಡಿಗೆ ಕೊಡುವ ಮೊದಲೇ ಸರಕು ಯಾರಿಗೆ ಬೇಕು ಅಂತ ಗೊತ್ತಿತ್ತು, ಮಾಡುವ ವಿದ್ಯೆಯೂ ಕೈಯಲ್ಲಿತ್ತು. ಬ್ಯಾಂಕುಗಳು ಸಾಲ ಕೊಡೋಕೆ ಹಿಂದೇಟು ಹಾಕಿದ್ದು, ಚಿಕ್ಕ ವಯಸ್ಸಿನ ಹುಡುಗಿ ಅಂತ ಕೆಲಸಕ್ಕೆ ಬರೋಕೆ ಜನ ಅನುಮಾನ ಪಟ್ಟಿದ್ದು, ಅದೆಲ್ಲ ಅವರು ಗೆದ್ದಿದ್ದು ಈ ಎರಡು ಇದ್ದಿದ್ದರಿಂದ ಅಂತ ನನ್ನ ಲೆಕ್ಕ. ಗ್ಯಾರೇಜು, ಹತ್ತು ಸಾವಿರ ಎಲ್ಲ ಆಮೇಲಿನ ಮಾತು.

ಮುಲ್ಕಿ ಕಡೆಯ ಹಣ್ಣು ಮಾರುವವರ ಮಗ ರಘುನಂದನ ಕಾಮತ್ ಕೂಡ ಹಾಗೇ. 1984ರಲ್ಲಿ ಮುಂಬೈನ ಜುಹೂನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ಅಂಗಡಿ ತೆರೆದಾಗ ಬರೀ ಐಸ್‌ಕ್ರೀಮಿಗೆ ಜನ ಬರುತ್ತಾರೋ ಇಲ್ಲವೋ ಅಂತ ಪಾವ್ ಭಾಜಿನೂ ಇಟ್ಟಿದ್ದರು. ಖಾರ ತಿಂದವರು ತಣ್ಣಗೆ ಏನಾದರೂ ಕೇಳುತ್ತಾರೆ ಅಂತ. ಐಸ್‌ಕ್ರೀಮಿಗೇ ಗಿರಾಕಿ ಬರುತ್ತಾರೆ ಅಂತ ಖಾತ್ರಿಯಾದ ಮೇಲೆ ಪಾವ್ ಭಾಜಿ ನಿಲ್ಲಿಸಿದರು. ಒಳ್ಳೆ ಹಣ್ಣು ಯಾವುದು ಅಂತ ಅವರಿಗೆ ಅಪ್ಪನಿಂದ ಬಂದಿತ್ತು. ನಿನಗೂ ನಮ್ಮ ಅಂಗಡಿಯಿಂದ ಬಂದದ್ದು ಬಹಳ ಇದೆ. ಬೇಳೆ ಮುಟ್ಟಿ ನೋಡಿ ಹೊಸದೋ ಹಳೆಯದೋ ಹೇಳುತ್ತೀಯ. ಕಾಲೇಜಿನಲ್ಲಿ ಕಲಿಯದೇ ಇರೋದು ಅಂತ ಅದನ್ನು ಕಡೆಗಣಿಸಬೇಡ.

ಈಗ ದುಡ್ಡಿನ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಊಟಕ್ಕೆ 80 ರೂಪಾಯಿ ಇಟ್ಟೆ ಅಂದುಕೋ. ಅಡುಗೆ ಮಾಡುವವರಿಗೆ 55. ಡಬ್ಬಿ, ಕವರ್ ಸೇರಿ 6. ಅಡುಗೆಯವರ ಮನೆ ಇರುವ ಕುವೆಂಪುನಗರದಿಂದ ಆಟೋದಲ್ಲಿ ತರಬೇಕು, ಹೋಗಿ ಬರೋಕೆ 120 ಅಂತ ಇಟ್ಟುಕೋ. 30 ಊಟಕ್ಕೆ ಹಂಚಿದರೆ ತಲಾ 4 ರೂಪಾಯಿ. ಅಲ್ಲಿಗೆ ಅಸಲು 65, ಉಳಿದಿದ್ದು 15. ಮೂವತ್ತು ಊಟಕ್ಕೆ 450 ರೂಪಾಯಿ. ಈಗ ಇದರಲ್ಲಿ ನಾಲ್ಕು ಜನ ಬೇಕು ಅಂತ ಹೇಳಿ ಆಮೇಲೆ ಕೈ ಎತ್ತಿದರು ಅಂದುಕೋ. ಬಂದ ದುಡ್ಡು 26 ಊಟದ್ದು, 2080. ಖರ್ಚು ಮಾತ್ರ ಅದೇ 1950. ನಿನಗೆ ಉಳಿದಿದ್ದು 130 ರೂಪಾಯಿ. ನಾಲ್ಕೇ ನಾಲ್ಕು ಊಟಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಭಾಗ ಲಾಭ ಹೋಯಿತು. ಇದು ಆ್ಯಪ್ ಎಷ್ಟು ಚೆನ್ನಾಗಿದ್ದರೂ ತಪ್ಪುವುದಿಲ್ಲ.

ಅದಕ್ಕೇ ಶನಿವಾರ ರಾತ್ರಿಯೊಳಗೆ ಆರ್ಡರ್, ಆರ್ಡರ್ ಜೊತೆಗೇ ಯುಪಿಐನಲ್ಲಿ ದುಡ್ಡು. ದುಡ್ಡು ಬರದಿದ್ದರೆ ಹೆಸರು ಬರೆದುಕೊಳ್ಳಬೇಡ, ನಿನ್ನ ರೂಮ್‌ಮೇಟ್ ಆದರೂ ಸರಿ. ಮೊದಮೊದಲು ಕೇಳೋಕೆ ನಾಚಿಕೆ ಆಗುತ್ತೆ, ಕೇಳು. ಹೀಗೆ ಮಾಡಿದರೆ ಇನ್ನೊಂದು ಅನುಕೂಲ ಇದೆ. ನಮ್ಮ ಅಂಗಡಿಯಲ್ಲಿ ನಾನು ಮೊದಲು ದುಡ್ಡು ಹಾಕಿ ಸರಕು ತರಬೇಕು, ಮಾರಬೇಕು, ಅದರಲ್ಲಿ ಒಂದಷ್ಟು ಸಾಲದ ಪುಸ್ತಕಕ್ಕೆ ಹೋಗುತ್ತೆ, ಕೊಬ್ಬರಿ ರೇಟು ಬಿದ್ದ ವರ್ಷ ಆ ಸಾಲ ಬರೋದೂ ತಡವಾಗುತ್ತೆ. ನಿನಗೆ ಗಿರಾಕಿಯ ದುಡ್ಡೇ ಮೊದಲು ಬರುತ್ತೆ, ಖರ್ಚು ಆಮೇಲೆ. ಬಂಡವಾಳ ಇಲ್ಲದೆ ವ್ಯಾಪಾರ ಮಾಡೋ ಇಂಥ ಅವಕಾಶ ನನಗೆ ಸಿಕ್ಕಿದ್ದರೆ ಅಂತ ಅನ್ನಿಸುತ್ತೆ.

ಮೂರು ಜನಕ್ಕೆ 450 ಹಂಚಿದರೆ 150. ಇದು ಸಂಪಾದನೆಗೆ ಅಲ್ಲ ಕಣೇ, ತಿಳಿದುಕೊಳ್ಳೋಕೆ. ಎರಡನೇ ಭಾನುವಾರ ಮತ್ತೆ ಕೇಳಿದವರು ಯಾರು, ಬಿಟ್ಟವರು ಯಾರು, ಯಾಕೆ ಬಿಟ್ಟರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಬಿಟ್ಟವರ ಹತ್ತಿರ ಹೋಗಿ ಕೇಳು, ಅವರ ಮಾತೇ ಮುಖ್ಯ. 60 ಊಟ ಆದರೂ ಆಟೋ ಅದೇ 120, ಆಗ ಒಂದು ಊಟಕ್ಕೆ 17 ರೂಪಾಯಿ ಉಳಿದು ಒಟ್ಟು 1020 ಆಗುತ್ತೆ. ಯಾವ ಖರ್ಚು ಊಟದ ಜೊತೆ ಬೆಳೆಯುತ್ತೆ, ಯಾವುದು ಬೆಳೆಯೋಲ್ಲ ಅಂತ ನಿನಗೇ ಕಾಣುತ್ತೆ.

ಅಡುಗೆ ಬಗ್ಗೆ ಅಮ್ಮನನ್ನು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಮುದ್ದೆ ಬೇಡ, ಪಿಜಿಗೆ ಬರೋ ಹೊತ್ತಿಗೆ ಗಟ್ಟಿಯಾಗುತ್ತೆ. ಅಕ್ಕಿರೊಟ್ಟಿನೂ ಡಬ್ಬಿಯಲ್ಲಿ ಬಿರುಸಾಗುತ್ತೆ. ಬಿಸಿಬೇಳೆಬಾತ್ ಒಳ್ಳೆಯದು, ಆದರೆ ಸ್ವಲ್ಪ ತೆಳ್ಳಗೇ ಮಾಡಿಸು, ಆರಿದ ಮೇಲೆ ಅದೇ ಗಟ್ಟಿಯಾಗುತ್ತೆ. ಮೊಸರನ್ನಕ್ಕೆ ಹಾಲು ಜಾಸ್ತಿ ಹಾಕಿ ಮೊಸರು ಒಂದು ಚಮಚ ಹಾಕಿದರೆ ಹುಳಿ ಬರೋಲ್ಲ. ಮೊದಲು ಎರಡೇ ಐಟಂ ಇಟ್ಟುಕೋ ಅಂತಾಳೆ. ನಾನೂ ಅದನ್ನೇ ಹೇಳ್ತೀನಿ, ಐಟಂ ಜಾಸ್ತಿ ಆದಷ್ಟೂ ಉಳಿಯೋದೂ ಜಾಸ್ತಿ.

ಮನೆಯಲ್ಲಿ ಮಾಡಿ ಮಾರುವ ಅಡುಗೆಗೂ ಎಫ್‌ಎಸ್‌ಎಸ್‌ಎಐ, ಅಂದರೆ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಆನ್‌ಲೈನಲ್ಲೇ ಆಗುತ್ತೆ, ಶುಲ್ಕ ದೊಡ್ಡದಲ್ಲ. ಅಡುಗೆ ಮಾಡುವವರ ಹೆಸರಲ್ಲಿ ಅದನ್ನು ನೀನೇ ಕೂತು ಮಾಡಿಸಿಕೊಡು, ಅವರಿಗೂ ನಿನ್ನ ಮೇಲೆ ನಂಬಿಕೆ ಬರುತ್ತೆ. ಒಬ್ಬ ಹುಡುಗನಿಗೆ ಹೊಟ್ಟೆ ಕೆಟ್ಟರೂ ಆ ಬೀದಿಯಲ್ಲಿ ನಿನ್ನ ಹೆಸರು ಹೋಗುತ್ತೆ, ಅದರಲ್ಲಿ ಸಡಿಲ ಬಿಡಬೇಡ. ಅವರ ಅಡುಗೆಮನೆ, ನೀರು, ಪಾತ್ರೆ ಎಲ್ಲ ಕಣ್ಣಾರೆ ನೋಡಿಯೇ ಮಾತು ಕೊಡು. ಅವರನ್ನು 55 ರೂಪಾಯಿಗಿಂತ ಕೆಳಗೆ ಎಳೆಯೋಕೂ ಹೋಗಬೇಡ. ದಿನವಿಡೀ ಒಲೆ ಮುಂದೆ ನಿಲ್ಲೋರು ಅವರು.

ಗೆಳತಿಯರ ವಿಷಯ. ಮೂವರೂ ಕೂತು ಯಾರ ಕೆಲಸ ಏನು, ದುಡ್ಡು ಹೇಗೆ ಹಂಚೋದು, ಒಬ್ಬಳು ಅರ್ಧಕ್ಕೆ ಬಿಟ್ಟರೆ ಏನು ಅಂತ ಒಂದು ಹಾಳೆಯಲ್ಲಿ ಬರೆದು ಸೈನ್ ಹಾಕಿ. 450 ರೂಪಾಯಿ ಇರುವಾಗಲೇ ಬರೆದುಕೊಳ್ಳಿ, ದುಡ್ಡು ಜಾಸ್ತಿ ಆದ ಮೇಲೆ ಈ ಮಾತು ಎತ್ತೋದು ಕಷ್ಟ.

ನಿನ್ನ ಸರ್ ಸರ್ಕಾರದ ದುಡ್ಡು ಸಿಗುತ್ತೆ ಅಂದರು ಅಂದೆ. ಹೌದು, ನ್ಯೂ ಏಜ್ ಇನ್‌ಕ್ಯುಬೇಷನ್ ನೆಟ್‌ವರ್ಕ್ ಅಂತ ಬೆಂಗಳೂರಿನ ಹೊರಗಿನ ಕಾಲೇಜುಗಳಿಗೆ ಕರ್ನಾಟಕ ಸರ್ಕಾರ ಮಾಡಿರುವುದರಲ್ಲಿ ವಿದ್ಯಾರ್ಥಿಗಳ ಒಂದು ಪ್ರಾಜೆಕ್ಟಿಗೆ 3 ಲಕ್ಷದವರೆಗೆ ಕೊಡುತ್ತಾ ಬಂದಿದ್ದಾರೆ. ಕಂಪನಿ ಮಾಡಿಕೊಂಡವರಿಗೆ ರಾಜ್ಯ ಸರ್ಕಾರದ್ದೇ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೂ ಇದೆ. ಇವೆಲ್ಲ ಒಳ್ಳೆಯವೇ. ಆದರೆ ಈಗಲೇ ಅರ್ಜಿ ಬರೆಯೋಕೆ ಕೂತರೆ ನೀನು ಗಿರಾಕಿಗೆ ಏನು ಬೇಕು ಅನ್ನೋದರ ಬದಲು ಕಮಿಟಿಯವರಿಗೆ ಏನು ಇಷ್ಟ ಅಂತ ಯೋಚಿಸೋಕೆ ಶುರು ಮಾಡ್ತೀಯ. ಒಂದು ಸೆಮಿಸ್ಟರ್ ಭಾನುವಾರಗಳ ಲೆಕ್ಕ ಕೈಯಲ್ಲಿಟ್ಟುಕೊಂಡು ಹೋಗು, ಆಗ ಅರ್ಜಿಯಲ್ಲಿ ಬರೆಯೋಕೆ ನಿಜವಾದ ಅಂಕಿಗಳಿರುತ್ತವೆ. ಆ್ಯಪ್ ಬೇಕೋ ಬೇಡವೋ ಅನ್ನೋದೂ ಆಗಲೇ ಗೊತ್ತಾಗೋದು. ವಾಟ್ಸಾಪಿನಲ್ಲಿ ಆರ್ಡರ್ ಬರೆದು ಬರೆದು ಕೈ ಸೋತು ಯಾವ ಕೆಲಸ ತಲೆ ತಿನ್ನುತ್ತೋ ಅದಕ್ಕೆ ಮಾತ್ರ ಕೋಡ್ ಬರೆ.

ಇನ್ನು ಓದು. ಬಿಸಿನೆಸ್ಸಿಗೆ ಕಾಲೇಜು ಬಿಡುವ ಮಾತು ಎತ್ತಬೇಡ, ಅದಕ್ಕೆ ಒಪ್ಪೋಲ್ಲ. ಅಂಕ ಹೋಗುತ್ತೆ ಅನ್ನೋ ಭಯ ಒಂದು ಕಡೆ ಇರಲಿ, ಈಗ ನಿನ್ನ ಊಟ, ಬಾಡಿಗೆ, ಫೀಸು ಎಲ್ಲ ನಡೆಯುತ್ತಿದೆ. ಮನೆಗೆ ದುಡ್ಡು ಕಳಿಸಬೇಕು ಅನ್ನೋ ಒತ್ತಡ ಇಲ್ಲ. ಗಿರಾಕಿಗಳು ಪಕ್ಕದ ರೂಮಿನಲ್ಲೇ ಇದ್ದಾರೆ. ಕೈ ಕೊಟ್ಟರೂ ಒಂದು ಭಾನುವಾರದ ನಷ್ಟ, ಅಷ್ಟೇ. ಇಷ್ಟು ಕಡಿಮೆ ಖರ್ಚಿನಲ್ಲಿ ಪ್ರಯತ್ನ ಮಾಡೋ ಕಾಲ ಮತ್ತೆ ಸಿಗೋದು ಕಷ್ಟ ಅಲ್ವಾ? ಇರೋ ಮೂರು ವರ್ಷ ಪೂರ್ತಿ ಬಳಸಿಕೋ. ಪರೀಕ್ಷೆ ತಿಂಗಳಲ್ಲಿ ನಿಲ್ಲಿಸು, ಗ್ರೂಪಿನಲ್ಲಿ ಮೊದಲೇ ಹೇಳಿಬಿಡು. ದಸರಾ ರಜಕ್ಕೆ, ಸೆಮಿಸ್ಟರ್ ರಜಕ್ಕೆ ಪಿಜಿಗಳು ಹೇಗೂ ಖಾಲಿ. ತಿಂಗಳ ಕೊನೆ ವಾರ ಮಕ್ಕಳ ಕೈಯಲ್ಲಿ ದುಡ್ಡಿರೋಲ್ಲ, ಆಗ ಆರ್ಡರ್ ಕಮ್ಮಿಯಾದರೆ ಅಡುಗೆ ಚೆನ್ನಾಗಿಲ್ಲ ಅಂತ ತಪ್ಪು ತಿಳಿಯಬೇಡ.

ಡಬ್ಬಿ, ಕವರಿಗೆ, ಮೊದಲ ಆಟೋಗೆ ಅಂತ 2,000 ರೂಪಾಯಿ ನಿನ್ನ ಅಕೌಂಟಿಗೆ ಹಾಕಿದ್ದೇನೆ. ಇದು ಪಾಕೆಟ್ ಮನಿ ಅಲ್ಲ, ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಅಪ್ಪನಿಂದ ಸಾಲ ಅಂತ ಬರೆ. ಅವಸರ ಇಲ್ಲ, ಆದರೆ ವಾಪಸ್ ಬೇಕು. ಮುಂದಿನ ವಾರದ ಕೊನೆಯಲ್ಲಿ ಅಮ್ಮ ಮೈಸೂರಿಗೆ ಬರುತ್ತಾಳೆ, ಅಡುಗೆಯವರ ಮನೆಗೆ ಇಬ್ಬರೂ ಸೇರಿ ಹೋಗಿ ರುಚಿ ನೋಡಿ. ಭಾನುವಾರ ರಾತ್ರಿ ಅವಳು ಅಲ್ಲೇ ಇರುತ್ತಾಳೆ, ಅವಳ ಹೆಸರಿಗೂ ಒಂದು ಊಟ ಬರೆದುಕೋ. 80 ರೂಪಾಯಿ ಶನಿವಾರವೇ ಕಳಿಸುತ್ತಾಳಂತೆ.

ಇಂತಿ ನಿನ್ನ
ಅಪ್ಪ