ಅಸಿಟಾಲ್ ದಾನಾಕ್ಕೆ ಪಿವಿಸಿ ತಾಗಿಸಬೇಡಿ

ಸಂಪಾದಕರೇ,

ಪ್ಲಾಸ್ಟಿಕ್ ಅಂದರೆ ಪೇಪರಿನಲ್ಲಿ ಬರುವುದು ಕ್ಯಾರಿಬ್ಯಾಗ್ ನಿಷೇಧದ ಸುದ್ದಿ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಇಲ್ಲಿ ಪುಣೆಯ ಭೋಸರಿ, ಚಾಕಣ ಕಡೆ ಮೋಲ್ಡಿಂಗ್ ಮೆಷಿನ್ ಮುಂದೆ ನಿಂತು ಅದೇ ಪ್ಲಾಸ್ಟಿಕ್ ಕರಗಿಸುವ ಹುಡುಗರಲ್ಲಿ ವಿಜಯಪುರ, ಕಲಬುರಗಿ ಕಡೆಯವರೂ ಇದ್ದಾರೆ. ಈ ಪತ್ರ ಅವರಿಗಾಗಿ.

ನಾನು ಮೊದಲು ಕೆಲಸಕ್ಕಿದ್ದ ಒಂದು ಸಣ್ಣ ಶಾಪಿನಲ್ಲಿ ಒಮ್ಮೆ ರಾತ್ರಿ ಪಾಳಿಯಲ್ಲಿ ಪಿವಿಸಿ (ನೀರಿನ ಪೈಪಿನ ಪ್ಲಾಸ್ಟಿಕ್) ಓಡಿಸಿದ ಬ್ಯಾರೆಲ್, ಅಂದರೆ ಪ್ಲಾಸ್ಟಿಕ್ ಕರಗುವ ಕೊಳವೆ, ಸರಿಯಾಗಿ ಕ್ಲೀನ್ ಮಾಡದೆ ಮಾಲು ಸುರಿಯುವ ಹಾಪರ್‌ಗೆ ಅಸಿಟಾಲ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನ ದಾನಾ (ಕಾಳು) ಸುರಿದರು. ಸ್ವಲ್ಪ ಹೊತ್ತಿಗೆ ಕಣ್ಣು ಉರಿ, ಗಂಟಲು ಉರಿ, ಬ್ಯಾರೆಲ್ ತುದಿಯ ನಾಝಲ್‌ನಿಂದ ಮಾಲು ನೊರೆನೊರೆಯಾಗಿ ಸಿಡಿಯಿತು. ಎಲ್ಲರೂ ಹೊರಗೆ ಓಡಿದೆವು. ಫ್ಯಾನ್ ಹಾಕ್ರೋ ಅಂದರು ಸೂಪರ್‌ವೈಸರ್, ಅಷ್ಟೇ. ಯಾಕೆ ಹೀಗಾಯಿತು ಅಂತ ಯಾರೂ ಹೇಳಲಿಲ್ಲ. ಆಮೇಲೆ ನಾನೇ ಓದಿ ತಿಳಿದುಕೊಂಡೆ.

ಗೇರ್, ಜಿಪ್, ಬ್ಯಾಗಿನ ಕ್ಲಿಪ್ ಇವಕ್ಕೆಲ್ಲ ಬಳಸುವ ಅಸಿಟಾಲ್ ಅಂದರೆ ಫಾರ್ಮಾಲ್ಡಿಹೈಡ್ ಅನ್ನುವ ಕಣ್ಣುರಿಸುವ ಗ್ಯಾಸನ್ನೇ ಮಣಿಗಳ ಹಾಗೆ ಪೋಣಿಸಿದ ಉದ್ದನೆಯ ಸರ. 1920ರ ದಶಕದಲ್ಲೇ ಜರ್ಮನಿಯ ರಸಾಯನ ವಿಜ್ಞಾನಿ ಸ್ಟೌಡಿಂಗರ್ ಇಂಥ ಸರಗಳನ್ನು ಅಭ್ಯಾಸ ಮಾಡಿದ್ದರು, ಆದರೆ ಬಿಸಿ ತಾಗಿದರೆ ಅವು ಉಳಿಯುತ್ತಿರಲಿಲ್ಲ. ತೊಂದರೆ ಇದ್ದದ್ದು ತುದಿಯಲ್ಲಿ. ಮಣಿಸರದ ಕೊನೆಗೆ ಗಂಟು ಹಾಕದಿದ್ದರೆ ಮಣಿಗಳು ಒಂದೊಂದಾಗಿ ಜಾರಿ ಬೀಳುತ್ತವಲ್ಲ, ಹಾಗೆ ತುದಿಯ ಆಮ್ಲಜನಕ-ಜಲಜನಕದ ಜೋಡಿಯಾದ ಹೈಡ್ರಾಕ್ಸಿಲ್‌ನಿಂದ ಶುರುವಾಗಿ ಇಡೀ ಸರ ಮತ್ತೆ ಗ್ಯಾಸ್ ಆಗಿಬಿಡುತ್ತಿತ್ತು. ಅಮೆರಿಕದ ಡ್ಯುಪಾಂಟ್ ಕಂಪನಿಯವರು ವಿನೆಗರ್‌ನ ಹತ್ತಿರದ ಸಂಬಂಧಿಯಾದ ಅಸಿಟಿಕ್ ಅನ್‌ಹೈಡ್ರೈಡ್ ಬಳಸಿ ಆ ತುದಿಗಳಿಗೆ ಗಂಟು ಹಾಕಿದರು. 1960ರಲ್ಲಿ ಮಾರುಕಟ್ಟೆಗೆ ಬಂದ ಡೆಲ್ರಿನ್ ಅನ್ನುವ ಅಸಿಟಾಲ್ ಅದೇ. ಕೋಪಾಲಿಮರ್ ಅಂತ ಬರುವ ಇನ್ನೊಂದು ಬಗೆಯ ಅಸಿಟಾಲ್‌ನಲ್ಲಿ ಸರದ ನಡುನಡುವೆ ಬೇರೆ ಮಣಿ ಸೇರಿಸಿರುತ್ತಾರೆ, ಜಾರುವುದು ಅಲ್ಲಿಗೆ ಬಂದು ನಿಲ್ಲುತ್ತದೆ. ಇಷ್ಟು ಸಣ್ಣ ತುದಿಯ ಮೇಲೆ ಇಷ್ಟು ದೊಡ್ಡ ವ್ಯಾಪಾರ ನಿಂತಿದೆ ಅಂದರೆ ನನಗಂತೂ ಈಗಲೂ ಆಶ್ಚರ್ಯ.

ಡೆಲ್ರಿನ್ ಕರಗುವುದು ಸುಮಾರು 175 ಡಿಗ್ರಿಗೆ. ನಾವು ಮೋಲ್ಡ್ ಮಾಡುವುದು 200ರ ಆಸುಪಾಸು. ಆ ಬಿಸಿಗೆ ಗಂಟು ತಡೆಯುತ್ತದೆ. ಆದರೆ ಅಲ್ಲಿ ಪಿವಿಸಿ ಉಳಿದಿದ್ದರೆ ಅದು ಹೈಡ್ರೋಕ್ಲೋರಿಕ್ ಆಸಿಡ್ ಬಿಡುತ್ತದೆ. ಆಸಿಡ್ ತುದಿಯ ಗಂಟಿನ ತಂಟೆಗೇ ಹೋಗಬೇಕಿಲ್ಲ, ಸರವನ್ನು ನಡುವೆ ಎಲ್ಲಿ ಬೇಕಾದರೂ ಕತ್ತರಿಸುತ್ತದೆ. ಕತ್ತರಿಸಿದ ಕಡೆ ಗಂಟು ಎಲ್ಲಿಂದ ಬರಬೇಕು? ಕೋಪಾಲಿಮರ್ ಕೂಡ ಇದಕ್ಕೆ ತಡೆಯುವುದಿಲ್ಲ. ಫಾರ್ಮಾಲ್ಡಿಹೈಡ್ ಗ್ಯಾಸ್ ಬ್ಯಾರೆಲ್‌ನಲ್ಲಿ ತುಂಬಿ, ನಾಝಲ್ ಕಟ್ಟಿಕೊಂಡಿದ್ದರೆ ಬಾಂಬಿನ ಹಾಗೆ ಸಿಡಿಯಬಹುದು. ಈ ಗ್ಯಾಸ್ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ.

ಅದಕ್ಕೇ ಪಿವಿಸಿ ಓಡಿಸಿದ ಮೇಲೆ ಪಾಲಿಥೀನ್ ಹಾಕಿ ಬ್ಯಾರೆಲ್ ಪೂರ್ತಿ ತೊಳೆಯಬೇಕು, ಅಸಿಟಾಲ್ ಆಮೇಲೆ. ಯಾವುದರದ್ದು ಅಂತ ಗೊತ್ತಿಲ್ಲದ ಗ್ರೈಂಡಿಂಗ್ ಮಾಲು (ಹಳೇ ಪ್ಲಾಸ್ಟಿಕ್ ಪುಡಿ ಮಾಡಿದ್ದು) ಅಗ್ಗಕ್ಕೆ ಸಿಕ್ಕಿತು ಅಂತ ಸೇರಿಸಲೇಬಾರದು, ಕಪ್ಪು ದಾನಾ ನೋಡಿದರೆ ಏನು ಗೊತ್ತಾಗುತ್ತೆ? ಊಟಕ್ಕೆ ಹೋಗುವಾಗ ಬಿಸಿ ಬ್ಯಾರೆಲ್‌ನಲ್ಲಿ ಮಾಲು ಹಾಗೇ ಬಿಟ್ಟು ಹೋಗಬೇಡಿ. ಹೊರಗೆ ತೆಗೆದ ಬಿಸಿ ಮುದ್ದೆಯನ್ನು ನೀರಿನ ಬಕೆಟ್‌ಗೆ ಹಾಕಿ. ನಾಝಲ್ ಎದುರು ನಿಲ್ಲಬೇಡಿ.

ಇದೆಲ್ಲ ದಾನಾ ಚೀಲದ ಜೊತೆ ಬರುವ ಕಾಗದದಲ್ಲಿ ಇರುತ್ತದೆ, ಇಂಗ್ಲಿಷಿನಲ್ಲಿ. ರಾತ್ರಿ ಪಾಳಿಯಲ್ಲಿ ಅದನ್ನು ಓದುವವರು ಯಾರು? ನಿಮ್ಮ ವಿಜ್ಞಾನ ಪುಟದಲ್ಲಿ ಇದರ ಬಗ್ಗೆ ಅರ್ಧ ಕಾಲಂ ಕೊಡಿ. ಕತ್ತರಿಸಿ ಮೆಷಿನ್ ಪಕ್ಕದ ಗೋಡೆಗೆ ಅಂಟಿಸುವ ಕೆಲಸ ನಮ್ಮದು.

ಮೋಲ್ಡಿಂಗ್ ಕೆಲಸದ ಕನ್ನಡಿಗ, ಭೋಸರಿ, ಪುಣೆ