ಕಮರದ ಕಂಬಕ್ಕೆ ಸೌದೆಯ ಬೆಲೆಯೇ?

ಮಾನ್ಯರೇ,

ಚಳ್ಳಕೆರೆ ಸೀಮೆಯ ನಮ್ಮೂರಿನಲ್ಲಿ ಕಳೆದ ಬೇಸಿಗೆ ಅಜ್ಜನ ಕಾಲದ ಮಾಳಿಗೆಮನೆಯನ್ನು ಕೆಡವಿಸಿದೆವು. ಕರ್ಲುಮಣ್ಣಿನ ಮಾಳಿಗೆಯ ಭಾರವನ್ನು ಮೂರು ತಲೆಮಾರು ಹೊತ್ತಿದ್ದ ಕಂಬ, ಬೋದಿಗೆ, ತೊಲೆಗಳನ್ನು ಅಂಗಳದಲ್ಲಿ ಒಟ್ಟಿದಾಗ, ಹಳೇ ಮರ ಕೊಳ್ಳುವವರೊಬ್ಬರು ಬಂದು ತೇಗದ ಎರಡು ಬಾಗಿಲುಗಳಿಗೆ ಮಾತ್ರ ಮರದ ಬೆಲೆ ಕಟ್ಟಿ, ಮಿಕ್ಕಿದ್ದನ್ನೆಲ್ಲ ಸೌದೆಯ ಲೆಕ್ಕದಲ್ಲಿ ತೂಕಕ್ಕೆ ಕೇಳಿದರು. ಇಟ್ಟಿಗೆ ಗೂಡಿಗೆ ಹೋಗುತ್ತದೆ ಎಂದು ಅವರೇ ಹೇಳಿದರು. ಹಾಗೆ ಗೂಡಿಗೆ ಹೋಗಬೇಕಿದ್ದದ್ದು ನಮ್ಮ ಕಲ್ಲುಭೂಮಿಯಲ್ಲಿ ಬೆಳೆಯುವ ಕಮರವೆಂಬ ಗಟ್ಟಿಮರ.

ಕಲ್ಲಿನ ಪೀಠದ ಮೇಲೆ ನಿಂತಿದ್ದ ಕಂಬವೊಂದರ ಬುಡವನ್ನು ಬಾಚಿಯಿಂದ ಕೆತ್ತಿಸಿ ನೋಡಿದೆ. ಹೊರಸುತ್ತಿನ ಬಿಳಿಮರವನ್ನು ಗೆದ್ದಲು ಬೆರಳುದಪ್ಪ ತಿಂದು ಮಣ್ಣು ಮಾಡಿತ್ತು. ಒಳಗಿನ ಗಟ್ಟಿ ತಿರುಳನ್ನು, ಅಂದರೆ ಚೇಗನ್ನು, ಮುಟ್ಟಿದ ಗುರುತೇ ಇರಲಿಲ್ಲ. ಕಪ್ಪು ಬೆರೆತ ಕೆಂಪು ಬಣ್ಣದ ಆ ಚೇಗಿನ ಚಕ್ಕೆಯೊಂದನ್ನು ಬಕೆಟ್ಟಿನ ನೀರಿಗೆ ಹಾಕಿದರೆ ಕಲ್ಲಿನಂತೆ ತಳ ಸೇರಿತು. ಒಂದು ಘನ ಮೀಟರ್ ನೀರು 1000 ಕಿಲೋ ತೂಗಿದರೆ, ತೇಗ ಸುಮಾರು 650 ಕಿಲೋ ತೂಗುತ್ತದೆ. ಕಮರದ ಚೇಗು ನೀರನ್ನೂ ಮೀರಿಸುತ್ತದೆ. ನಮ್ಮ ದೇಶದ ಅತಿ ಭಾರದ ಮರಗಳಲ್ಲಿ ಇದೂ ಒಂದು. ಒಣಗಿದ ಮೇಲೆ ಗರಗಸದ ಹಲ್ಲು ಮೊಂಡಾಗುತ್ತದೆ, ಮೊದಲೇ ತೂತು ಕೊರೆಯದೆ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ ಎಂಬುದು ನಮ್ಮೂರ ಬಡಗಿಗಳ ಹಳೆಯ ದೂರು. ಒಣಗುವಾಗ ಮೇಲ್ಮೈ ಬಿರಿಯುವ ಚಾಳಿಯೂ ಇರುವುದರಿಂದ ಇದು ಕುರ್ಚಿ, ಮೇಜಿಗೆ ಒಗ್ಗುವ ಮರವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಕಂಬ, ತೊಲೆ, ಗಾಡಿಯ ಚಕ್ರ, ಬೇಸಾಯದ ಸಾಮಾನುಗಳಿಗೆ ಹಿರಿಯರು ಇದನ್ನು ಆರಿಸಿಕೊಂಡದ್ದು ಬೇರೆ ಮರ ಸಿಗದೆ ಅಲ್ಲ.

ಇನ್ನೂ ಒಂದು ಮಾತಿದೆ. ನಾಗಸ್ವರಕ್ಕೆ ಹೆಸರಾದ ತಮಿಳುನಾಡಿನ ನರಸಿಂಗಂಪೇಟೆಯ ಕುಶಲಕರ್ಮಿಗಳು ವಾದ್ಯ ಕಡೆಯಲು ಬಳಸುವ 'ಆಚ್ಚಾ' ಮರ ನಮ್ಮ ಕಮರವೇ. ಹೊಸ ಮರವನ್ನು ಕಡೆದರೆ ಬಿರಿಯುತ್ತದೆಂದು ಅವರು ಹಳೆಯ ಮನೆಗಳನ್ನು ಕೆಡವಿದಾಗ ಸಿಗುವ, ದಶಕಗಳ ಕಾಲ ಒಣಗಿ ಹದಗೊಂಡ ತೊಲೆ ಕಂಬಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿನ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ದೊರೆಯಿತು. ಅವರು ಅರಸುವ ಮರವನ್ನು ನಾವು ಇಟ್ಟಿಗೆ ಸುಡಲು ಕೊಡುತ್ತಿದ್ದೇವೆ. ಹಳೇ ಮರದ ವ್ಯಾಪಾರಿಗಳೂ ಮನೆ ಕೆಡವಿಸುವವರೂ ಚೇಗಿನ ಕಮರವನ್ನು ಬೇರೆಯಾಗಿ ತೆಗೆದಿಟ್ಟು ಮರದ ಬೆಲೆಗೇ ಮಾರುವ ರೂಢಿ ನಮ್ಮ ಜಿಲ್ಲೆಯಲ್ಲಿ ಬರಬೇಕು.

ಹಳೆಯದನ್ನು ಉಳಿಸಿದರಷ್ಟೇ ಸಾಲದೆಂದು ಹೊಲದ ಬದುವಿಗೆ ಕಮರದ ಸಸಿ ಕೇಳಿಕೊಂಡು ಸಸ್ಯಕ್ಷೇತ್ರವೊಂದಕ್ಕೆ ಹೋದೆ. ಹೆಬ್ಬೇವು, ಸಿಲ್ವರ್ ಓಕ್, ತೇಗ ಇದ್ದವು. ಕಮರದ ಹೆಸರು ಹೇಳಿದಾಗ ಅಲ್ಲಿದ್ದ ಹುಡುಗ 'ಅದು ಯಾವ ಗಿಡ ಸಾರ್?' ಎಂದು ನನ್ನನ್ನೇ ಕೇಳಿದ. ಅವನ ತಪ್ಪಲ್ಲ. ಕಮರ ಬೇಗ ಬೆಳೆಯುವ ಮರವಲ್ಲ. ಮೊದಲ ಕೆಲವು ವರ್ಷ ಮೇಲಿನ ಚಿಗುರು ಬೇಸಿಗೆಯಲ್ಲಿ ಒಣಗಿ ಮಳೆಗಾಲದಲ್ಲಿ ಮತ್ತೆ ಒಡೆಯುತ್ತ, ತಾಯಿಬೇರು ಮಾತ್ರ ಬಂಡೆಯ ಸೀಳುಗಳಲ್ಲಿ ಆಳಕ್ಕೆ ಇಳಿಯುತ್ತಿರುತ್ತದೆ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಕಲ್ಲುಭೂಮಿಯಲ್ಲಿ ಅದು ಬದುಕಿ ಉಳಿಯುವುದು ಆ ಬೇರಿನ ಬಲದಿಂದಲೇ. ಇದೇ ಕಾರಣಕ್ಕೆ ಪಾಲಿಥಿನ್ ಚೀಲದಲ್ಲಿ ಹೆಚ್ಚು ದಿನ ಇಟ್ಟ ಸಸಿಯ ಬೇರು ಸುರುಳಿ ಸುತ್ತಿಕೊಂಡು ಕೆಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಾಗಿ ಗಾಳಿಗೆ ಹಾರುವ ಕಾಯಿಗಳನ್ನು ಆಯ್ದು, ಮುಂಗಾರು ಹಿಡಿದೊಡನೆ ಬದುಗಳಲ್ಲಿ, ಗೋಮಾಳಗಳಲ್ಲಿ ನೇರವಾಗಿ ಬಿತ್ತುವುದೇ ಮೇಲು. ಎಲೆ ಕುರಿಗೆ ಮೇವಾಗುತ್ತದೆ, ಎಳೆ ಕೊಂಬೆಯ ತೊಗಟೆಯಿಂದ ಗಟ್ಟಿ ನಾರು ಬರುತ್ತದೆ. ಕುರಿಗಾಹಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಅರಣ್ಯ ಇಲಾಖೆಯವರು ಬರುವ ಮುಂಗಾರಿಗಾದರೂ ರೈತರಿಗೆ ಕಮರದ ಬೀಜ ಒದಗಿಸಲಿ ಎಂದು ಕೋರುತ್ತೇನೆ. ನಮ್ಮ ಮನೆಯ ಆರು ಕಂಬಗಳನ್ನು ನಾನು ಮಾರಲಿಲ್ಲ. ಎರಡನ್ನು ಹೊಸ ಮನೆಯ ಪಡಸಾಲೆಗೆ ನಿಲ್ಲಿಸಿದ್ದೇನೆ; ನಾಲ್ಕು ದನದ ಕೊಟ್ಟಿಗೆಯಲ್ಲಿವೆ. ವಾದ್ಯ ಮಾಡುವವರು ಯಾರಾದರೂ ಬಂದರೆ ಆ ನಾಲ್ಕನ್ನು ಸಂತೋಷದಿಂದ ಕೊಡುತ್ತೇನೆ.

– ಒಬ್ಬ ರೈತ, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ